ಒಣಗಿದ ಹಸಿರು ಗೋಡೆ, ಬಾವಿ ರಿಂಗು, ಮಧುಮಾಲತಿ: ಮೈಸೂರಿನ ಒಂದು ಬಸ್ ಸ್ಟಾಪಿನ ಪ್ರಕರಣ

ಮೈಸೂರಿನ ಹಳೇ ಬಡಾವಣೆಯೊಂದರಲ್ಲಿ ಬಸ್ ಸ್ಟಾಪಿನ ಹಿಂದೆ ಸೈಜುಗಲ್ಲಿನ ಗೋಡೆ ಇದೆ. 60 ಅಡಿ ಉದ್ದ, 8 ಅಡಿ ಎತ್ತರ, ಮುಖ ಪಶ್ಚಿಮಕ್ಕೆ. 2023ರ ದಸರಾಕ್ಕೆ ಮುಂಚೆ ಈ ಗೋಡೆ ತುಂಬಾ ಹಸಿರು ಬಂತು. ಕಬ್ಬಿಣದ ಫ್ರೇಮು, ಫ್ರೇಮಿಗೆ ಸಿಕ್ಕಿಸಿದ ಕಪ್ಪು ಪ್ಲಾಸ್ಟಿಕ್ ಕುಂಡ, ಕುಂಡಕ್ಕೊಂದು ಗಿಡ. ಮುಂದೆ ಫುಟ್‌ಪಾತಿನಲ್ಲಿ ಬಿಳಿ ಫೈಬರ್ ಕುಂಡಗಳ ಸಾಲು. ದೀಪಾಲಂಕಾರ ನೋಡಲು ಹೊರಟವರು ಅಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ನಿಜಕ್ಕೂ ಚೆನ್ನಾಗಿತ್ತು.

2024ರ ಏಪ್ರಿಲ್ ಹೊತ್ತಿಗೆ ಮುಕ್ಕಾಲು ಪಾಲು ಗಿಡ ಒಣಗಿ ಕಡ್ಡಿಯಾಗಿದ್ದವು. ಫೈಬರ್ ಕುಂಡಗಳಲ್ಲಿ ಟೀ ಲೋಟ, ಗುಟ್ಕಾ ಚೀಟಿ, ಎಲೆಅಡಿಕೆ ಉಗುಳು. ಬಡಾವಣೆಯ ನಿವಾಸಿಗಳ ಸಂಘದವರು ನನ್ನನ್ನು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: ಮತ್ತೆ ಅದೇ ಥರ ಗಿಡ ಹಾಕಿಸೋಣವೋ, ಇಲ್ಲ ಎಲ್ಲ ಕಿತ್ತು ಗೋಡೆಗೆ ಬಣ್ಣ ಹೊಡೆಸೋಣವೋ? ಸಾರ್ವಜನಿಕ ಜಾಗಗಳಲ್ಲಿ ಗಿಡ ಬೆಳೆಸುವುದೇ ನನ್ನ ಕಸುಬು. ಎರಡೂ ಬೇಡ, ಮೊದಲು ಇದು ಯಾಕೆ ಸತ್ತಿತು ನೋಡೋಣ ಅಂದೆ.

ಗೋಡೆಯಲ್ಲಿ ಏನಾಗಿತ್ತು

ಮೇಲಿನ ಸಾಲಿನ ಒಂದು ಕುಂಡ ಈಚೆ ತೆಗೆದೆ. ಅಂಚು ಹಿಡಿದ ಕೂಡಲೇ ಹಪ್ಪಳದ ಹಾಗೆ ಮುರಿಯಿತು. ಬಿಸಿಲು ತಡೆಯುವ ಅಂಶ ಬೆರೆಸದ ಪ್ಲಾಸ್ಟಿಕ್ಕಿಗೆ ಒಂದೇ ಬೇಸಿಗೆ ಸಾಕು. ಒಳಗೆ ತೆಂಗಿನ ನಾರಿನ ಪುಡಿ ಒಣಗಿ, ಕುಗ್ಗಿ, ಗಟ್ಟಿ ಮುದ್ದೆಯಾಗಿತ್ತು. ಮುದ್ದೆಗೂ ಕುಂಡದ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು. ಬಾಟಲಿಯಿಂದ ನೀರು ಹಾಕಿದರೆ ಆ ಸಂದಿನಲ್ಲೇ ಸರ್ರನೆ ಇಳಿದು ಕೆಳಗಿನಿಂದ ಸುರಿಯಿತು. ಮುದ್ದೆಯನ್ನು ಒಡೆದು ನೋಡಿದರೆ ಒಳಗೆ ಒಣ ಪುಡಿ. ಅಂದರೆ ನೀರು ಬಿಟ್ಟ ದಿನಗಳಲ್ಲೂ ಬೇರಿಗೆ ನೀರು ಸಿಕ್ಕಿರಲಿಲ್ಲ.

ಕೆಳಗಿನ ಎರಡು ಸಾಲಿನ ಕಥೆ ಉಲ್ಟಾ. ಅಲ್ಲಿ ಸಿಂಗೋನಿಯಂ, ರಿಯೋ ಗಿಡಗಳು ಬದುಕಿದ್ದವು. ಕೆಲವು ಕುಂಡಗಳಲ್ಲಿ ನೀರು ಜಾಸ್ತಿಯಾಗಿಯೇ ಬೇರು ಕೊಳೆತಿತ್ತು. ಡ್ರಿಪ್ ಪೈಪಿನ ಗುಣ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಮೋಟಾರ್ ನಿಂತ ಮೇಲೂ ಪೈಪಿನಲ್ಲಿ ನೀರು ಉಳಿದಿರುತ್ತದೆ. ಅದೆಲ್ಲ ಇಳಿದು ಕೆಳಗಿನ ಡ್ರಿಪ್ಪರುಗಳಲ್ಲೇ ಖಾಲಿಯಾಗುತ್ತದೆ. ಒತ್ತಡ ಇಳಿದ ಕೂಡಲೇ ಬಾಯಿ ಮುಚ್ಚಿಕೊಳ್ಳುವ ಡ್ರಿಪ್ಪರ್ ಹಾಕಿದ್ದರೆ ಹೀಗಾಗುತ್ತಿರಲಿಲ್ಲ. ಇಲ್ಲಿ ಹಾಕಿದ್ದು ಮಾಮೂಲಿದು. ಸಾಲದ್ದಕ್ಕೆ ಬೋರ್‌ವೆಲ್ಲಿನ ಗಡಸು ನೀರು. ಮೇಲಿನ ಡ್ರಿಪ್ಪರುಗಳ ಬಾಯಿಗೆ ಬಿಳಿ ಉಪ್ಪು ಕಟ್ಟಿತ್ತು. ಪಿನ್ನು ಹಾಕಿ ಕೆರೆದರೆ ಪುಡಿ ಉದುರುತ್ತಿತ್ತು.

ಇಷ್ಟನ್ನು ಪೈಪು ಬಿಚ್ಚಿ ಕಂಡುಕೊಳ್ಳುವ ಮುಂಚೆಯೇ ಸ್ಟಾಪಿನ ಪಕ್ಕ ಹೂ ಮಾರುವ ಅಕ್ಕ ನನಗೆ ಹೇಳಿದ್ದರು. "ಮೇಲಕ್ಕೆ ನೀರೇ ಹತ್ತಲ್ಲ ಸಾರ್. ಕೆಳಗ್ ಮಾತ್ರ ಸುರೀತದೆ, ನನ್ ಬುಟ್ಟಿ ನೆಂದೋಯ್ತದೆ." ಅವರು ದಿನಾ ಬೆಳಿಗ್ಗೆಯಿಂದ ರಾತ್ರಿವರೆಗೆ ಆ ಗೋಡೆಯ ಕೆಳಗೇ ಕೂರುವವರು. ಯಾವ ಗಿಡ ಯಾವ ವಾರ ಬಾಡಿತು ಅನ್ನುವುದೂ ಅವರಿಗೆ ನೆನಪಿತ್ತು. ಹಸಿರು ಗೋಡೆ ಹಾಕಿದವರು ಒಂದು ಸಲವೂ ಅವರನ್ನು ಮಾತನಾಡಿಸಿರಲಿಲ್ಲ. ನನ್ನ ಪ್ರಕಾರ ಈ ಪ್ರಕರಣದ ದೊಡ್ಡ ನಷ್ಟಗಳಲ್ಲಿ ಇದೂ ಒಂದು.

ಒಂದು ಲೀಟರ್ ಮಣ್ಣಿನ ಲೆಕ್ಕ

ಪೈಪು ರಿಪೇರಿ ಮಾಡಿಸಿ, ಒಳ್ಳೇ ಡ್ರಿಪ್ಪರ್ ಹಾಕಿಸಿದರೆ ಸಾಕಲ್ವಾ ಎಂದು ಸಂಘದ ಕಾರ್ಯದರ್ಶಿ ಕೇಳಿದರು. ಆಗ ಒಂದು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದೆ.

ಗೋಡೆಯ ವಿಸ್ತಾರ ಸುಮಾರು 45 ಚದರ ಮೀಟರ್. ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 30 ಕುಂಡ. ಒಂದು ಕುಂಡದಲ್ಲಿ ಒಂದು ಲೀಟರಿನಷ್ಟು ನಾರಿನ ಪುಡಿ, ಗೊಬ್ಬರದ ಮಿಶ್ರಣ. ಅದರಲ್ಲಿ ಗಿಡ ಸುಲಭವಾಗಿ ಎಳೆದುಕೊಳ್ಳಬಲ್ಲ ನೀರು 300 ಮಿಲಿ ಲೀಟರ್ ಇರಬಹುದು. ಅಂದರೆ ಚದರ ಮೀಟರಿಗೆ 9 ಲೀಟರ್. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಕಲ್ಲುಗೋಡೆಯ ಮೇಲಿನ ಗಿಡಗಳು ಚದರ ಮೀಟರಿಗೆ ದಿನಕ್ಕೆ 4ರಿಂದ 5 ಲೀಟರ್ ಕುಡಿಯುತ್ತವೆ. ಎರಡು ದಿನ ನೀರು ತಪ್ಪಿದರೆ ಮುಗೀತು. ಶನಿವಾರ ಮೋಟಾರ್ ಕೆಟ್ಟು ಸೋಮವಾರ ಯಾರಾದರೂ ನೋಡಿದರೆ, ಅಷ್ಟೊತ್ತಿಗೆ ಗಿಡ ಸತ್ತಿರುತ್ತದೆ.

ಇದರ ಮೇಲೆ ಬಿಸಿ. ಮಧ್ಯಾಹ್ನದ ಬಿಸಿಲು ನೇರ ಕಪ್ಪು ಕುಂಡಕ್ಕೆ ಬೀಳುತ್ತದೆ. ಹಿಂದೆ ಕಾದ ಸೈಜುಗಲ್ಲು. ಸಂಜೆ ಏಳಾದರೂ ಆ ಗೋಡೆಗೆ ಕೈ ಇಟ್ಟರೆ ಬಿಸಿ ತಗಲುತ್ತಿತ್ತು. ನೆಲದೊಳಗಿನ ಬೇರಿಗೆ ಮಣ್ಣಿನ ತಂಪು ಇರುತ್ತದೆ. ಒಂದು ಲೀಟರ್ ಕುಂಡದ ಬೇರಿಗೆ ಯಾವ ಮರೆಯೂ ಇಲ್ಲ. ಅಲ್ಲಿ ಹಾಕಿದ್ದ ನೆಫ್ರೋಲೆಪಿಸ್ ಜರೀಗಿಡ ನೆರಳಿನದು, ತೇವದ್ದು. ಅದನ್ನು ಆ ಗೋಡೆಗೆ ಏರಿಸಿದ್ದೇ ಅನ್ಯಾಯ.

ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಮೇ ತಿಂಗಳಲ್ಲಿ ಒಂದು ಜೋರು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು. ಜನವರಿಯಿಂದ ಮಾರ್ಚ್ ಕೊನೆವರೆಗೆ ಆಕಾಶ ನೋಡುತ್ತಾ ಕೂರುವುದೇ. ಈ ಗೋಡೆ ಹಾಕಿದ ವರ್ಷವಂತೂ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದಿತು. ಅಂಥ ಬೇಸಿಗೆಯಲ್ಲಿ ದಿನಕ್ಕೆ 200 ಲೀಟರ್ ಕೇಳುವ ಗೋಡೆಗೆ ಟ್ಯಾಂಕರ್ ತರಿಸಿ ಅಂತ ಯಾರನ್ನು ಕೇಳೋದು?

ಗೋಡೆಗೆ ಗಿಡ ಹೊದಿಸುವ ಯೋಚನೆ ಹೊಸದೇನಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟ್ಯಾನ್ಲಿ ಹಾರ್ಟ್ ವೈಟ್ 1938ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಲೋಕಪ್ರಸಿದ್ಧ ಮಾಡಿದವರು ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್. ಅವರ ಪದ್ಧತಿಯಲ್ಲಿ ಮಣ್ಣೇ ಇಲ್ಲ. ದಪ್ಪ ಬಟ್ಟೆಯಂಥ ಹಾಸಿನಲ್ಲಿ ಬೇರು ಹಿಡಿಯುತ್ತದೆ, ಗೊಬ್ಬರ ಬೆರೆಸಿದ ನೀರು ದಿನಕ್ಕೆ ಹಲವು ಸಲ ಇಳಿಯುತ್ತಿರುತ್ತದೆ. ನೀರು, ಕರೆಂಟು, ನೋಡಿಕೊಳ್ಳುವ ಜನ ಮೂರೂ ತಪ್ಪದ ಕಡೆ ಅದು ಅದ್ಭುತ. ಒಂದು ತಪ್ಪಿದರೆ ಎಲ್ಲಾದರೂ ಕಷ್ಟವೇ. ಲಂಡನ್ನಿನ ಇಸ್ಲಿಂಗ್ಟನ್ ಪ್ರದೇಶದ ಪ್ಯಾರಡೈಸ್ ಪಾರ್ಕಿನಲ್ಲಿ ಮಕ್ಕಳ ಕೇಂದ್ರವೊಂದರ ಹಸಿರು ಗೋಡೆ 2009ರಲ್ಲಿ ಪೂರ್ತಿ ಒಣಗಿಹೋಗಿತ್ತು. ಮಳೆಗೆ ಹೆಸರಾದ ಊರಿನಲ್ಲೇ ಹೀಗಾದರೆ, ನಮ್ಮ ಮಾರ್ಚ್ ತಿಂಗಳ ಬಗ್ಗೆ ಏನು ಹೇಳೋಣ.

ತೂಕದ ಮಾತೂ ಇದೆ. ನೀರು ತುಂಬಿದ ಕುಂಡ, ಫ್ರೇಮು ಎಲ್ಲ ಸೇರಿ ಚದರ ಮೀಟರಿಗೆ 40ರಿಂದ 50 ಕೆ.ಜಿ. ಈ ಗೋಡೆಯಲ್ಲಿ ಅದು ಎರಡು ಟನ್ ಆಗುತ್ತದೆ. ಸೈಜುಗಲ್ಲಿನ ಗೋಡೆ ತಡೆದುಕೊಂಡಿತು. ಆದರೆ ನಮ್ಮೂರಿನಲ್ಲಿ ಗಾರೆಯಲ್ಲಿ ಕಟ್ಟಿದ ಹಳೇ ಕಟ್ಟಡಗಳು ಎಷ್ಟೋ ಇವೆ. ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಭಾಗ 2016ರಲ್ಲಿ ಕುಸಿದದ್ದನ್ನು ಕಂಡ ಊರು ಇದು. ಅಂಥ ಗೋಡೆಗಳಿಗೆ ಬೋಲ್ಟು ಹೊಡೆದು ಒದ್ದೆ ಕುಂಡ ನೇತುಹಾಕುವ ಯೋಚನೆ ಯಾರಿಗಾದರೂ ಬಂದರೆ, ದಯವಿಟ್ಟು ಬೇಡ.

ಫುಟ್‌ಪಾತಿನ ಕುಂಡಗಳು

ಫೈಬರ್ ಕುಂಡಗಳು ಹಗುರ. ಅದೇ ಅವುಗಳ ಗುಣ, ಅದೇ ದೋಷ. ಒಬ್ಬ ಮನುಷ್ಯ ಎಳೆದು ಪಕ್ಕಕ್ಕೆ ಸರಿಸಬಹುದು, ಹಾಗಾಗಿ ಎಲ್ಲರೂ ಸರಿಸಿದರು. ಬೈಕ್ ನಿಲ್ಲಿಸಲು ಒಬ್ಬರು, ಗಾಡಿ ತಿರುಗಿಸಲು ಇನ್ನೊಬ್ಬರು. ಮೂರು ಕುಂಡ ಕಳುವಾದವು. ಉಳಿದವುಗಳ ಅಂಚು ಬಿರುಕು ಬಿಟ್ಟಿತ್ತು.

ಒಳಗೆ ಅರ್ಧ ಅಡಿ ಜಲ್ಲಿ ತುಂಬಿ, ಮೇಲೆ ಮಣ್ಣು ಹಾಕಿದ್ದರು. ತಳದಲ್ಲಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತೆ ಅನ್ನೋದು ಬಹಳ ಜನ ನಂಬಿರುವ ಮಾತು. ನಿಜ ಬೇರೆ. ಸಣ್ಣ ಕಣದ ಮಣ್ಣು ತನ್ನಲ್ಲಿ ನೀರು ಪೂರ್ತಿ ತುಂಬುವ ತನಕ ಕೆಳಗಿನ ದಪ್ಪ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಜಲ್ಲಿಯ ಮೇಲೆ ಕೆಸರಿನ ಒಂದು ಪದರ ನಿಲ್ಲುತ್ತದೆ. ಜಲ್ಲಿ ಹಾಕಿದಷ್ಟೂ ಆ ಕೆಸರು ಬೇರಿಗೆ ಹತ್ತಿರವಾಗುತ್ತದೆ, ಮಣ್ಣಿನ ಜಾಗವೂ ಕಡಿಮೆಯಾಗುತ್ತದೆ. ತಳದಿಂದ ಬಾಯಿವರೆಗೆ ಒಂದೇ ಮಿಶ್ರಣ ತುಂಬಿ, ತೂತಿನ ಮೇಲೆ ಒಂದು ತುಂಡು ಜಾಲರಿ ಇಟ್ಟರೆ ಸಾಕು.

ಕುಂಡಗಳ ಕೆಳಗೆ ತಟ್ಟೆ ಇಟ್ಟಿದ್ದರು. ಸಾರ್ವಜನಿಕ ಜಾಗದಲ್ಲಿ ಇದು ಬೇಡವೇ ಬೇಡ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಒಂದು ವಾರ, ಹತ್ತು ದಿನ ಸಾಕು. ತಟ್ಟೆ ಒಣಗಿದರೂ ಅದರ ಮೊಟ್ಟೆ ತಿಂಗಳುಗಟ್ಟಲೆ ಕಾದು ಕೂರುತ್ತದೆ.

ಬಾವಿ ರಿಂಗು

ಹೊಸ ಕುಂಡಗಳಿಗೆ ಸಂಘದವರು ತಂದ ಕೊಟೇಶನ್ನುಗಳಲ್ಲಿ ಫೈಬರ್, ತುಕ್ಕಿನ ಬಣ್ಣದ ಕಾರ್ಟೆನ್ ಸ್ಟೀಲ್, ಗ್ರಾನೈಟ್ ಎಲ್ಲ ಇದ್ದವು. ಕಲ್ಲು ನನಗೆ ಇಷ್ಟ. ಹಳ್ಳಿಗಳಲ್ಲಿ ದನ ನೀರು ಕುಡಿಯುವ ಕಲ್ಲುಬಾನಿಗಳು ತಲೆಮಾರುಗಳಿಂದ ಹಾಗೇ ಇವೆ. ಆದರೆ ದುಡ್ಡು ಸಾಲದು. ನಾನು ಸೂಚಿಸಿದ್ದು ಬಾವಿಗೆ, ಇಂಗುಗುಂಡಿಗೆ ಇಳಿಸುವ ಸಿಮೆಂಟ್ ರಿಂಗು. ಊರ ಹೊರಗೆ ರಿಂಗ್ ಎರಕ ಹೊಯ್ಯುವವರ ಬಳಿ ಯಾವತ್ತೂ ಸಿಗುತ್ತದೆ.

ಮೂರಡಿ ಅಗಲ, ಒಂದಡಿ ಎತ್ತರದ ರಿಂಗು 100 ಕೆ.ಜಿ.ಗೂ ಜಾಸ್ತಿ ತೂಗುತ್ತದೆ. ಒಂದರ ಮೇಲೊಂದು ಎರಡು ಕೂರಿಸಿ ಸಿಮೆಂಟ್ ಹಾಕಿದರೆ ಯಾರೂ ಸರಿಸುವುದಿಲ್ಲ. ಬೈಕ್ ತಾಗಿದರೆ ಬೈಕಿಗೇ ಪೆಟ್ಟು. ಒಂದು ಜೋಡಿಯಲ್ಲಿ 380 ಲೀಟರ್ ಮಣ್ಣು ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಅದಕ್ಕೆ ತಳ ಇಲ್ಲ. ಅದನ್ನು ಕೂರಿಸುವ ಕಡೆ ಇಂಟರ್‌ಲಾಕ್ ಟೈಲ್ಸ್ ತೆಗೆದು, ಕೆಳಗಿನ ಗಟ್ಟಿ ನೆಲವನ್ನು ಹಾರೆಯಿಂದ ಸಡಿಲ ಮಾಡಿದರೆ, ಬೇರು ಭೂಮಿಗೇ ಇಳಿಯುತ್ತದೆ.

ಗೋಡೆಯುದ್ದಕ್ಕೂ ಹತ್ತು ಜೋಡಿ ಕೂರಿಸಿದೆವು. ಗೋಡೆಗೆ ಒತ್ತಿಕೊಂಡೇ, ನಡೆಯುವವರಿಗೆ 1.8 ಮೀಟರ್ ಜಾಗ ಬಿಟ್ಟು. ಫುಟ್‌ಪಾತ್ ಬಗ್ಗೆ, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುವ ಕನಿಷ್ಠ ಅಗಲ ಅದು. ಕುಂಡ ಎಷ್ಟೇ ಚೆನ್ನಾಗಿರಲಿ, ಅದರಿಂದ ಅಜ್ಜಿಯೊಬ್ಬರು ರಸ್ತೆಗೆ ಇಳಿಯಬೇಕಾದರೆ ಅದು ಅಲ್ಲಿರಬಾರದು. ಬಸ್ ಬರುವ ತುದಿಯಲ್ಲಿ ಎರಡರ ಬದಲು ಒಂದೇ ರಿಂಗು ಇಟ್ಟೆವು. ಮಕ್ಕಳು ಕುಂಡದ ಹಿಂದೆ ನಿಂತರೂ ಡ್ರೈವರಿಗೆ ಕಾಣಬೇಕು.

ಎರಡು ಕಡೆ ಕೆಳಗೆ ಕೇಬಲ್ ಇತ್ತು. ಅಲ್ಲಿ ಟೈಲ್ಸ್ ತೆಗೆಯದೆ ಹಾಗೇ ಕೂರಿಸಿದೆವು. ಈ ಎರಡು ಜೋಡಿಗಳು ಆಮೇಲೆ ನಮಗೆ ದೊಡ್ಡ ಪಾಠ ಹೇಳಿದವು.

ಮಣ್ಣಿಗೆ ಅರ್ಧ ಕೆಮ್ಮಣ್ಣು, ಉಳಿದರ್ಧದಲ್ಲಿ ಕಳಿತ ಕೊಟ್ಟಿಗೆ ಗೊಬ್ಬರ, ತೊಳೆದ ನಾರಿನ ಪುಡಿ, ಸ್ವಲ್ಪ ದಪ್ಪ ಮರಳು, ಬೇವಿನ ಹಿಂಡಿ. ನಾರಿನ ಪುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆಯಲೇಬೇಕು, ಅದರಲ್ಲಿ ಉಪ್ಪಿರುತ್ತದೆ. ಮಣ್ಣನ್ನು ಬಾಯಿಗಿಂತ ನಾಲ್ಕು ಬೆರಳು ಕೆಳಗೆ ನಿಲ್ಲಿಸಿದೆವು, ನೀರು ಹೊರಗೆ ಚೆಲ್ಲದೆ ನಿಲ್ಲಲಿ ಅಂತ.

ಯಾವ ಬಳ್ಳಿ, ಯಾವಾಗ

ಹಳೇ ಕಬ್ಬಿಣದ ಫ್ರೇಮನ್ನು ಕಿತ್ತುಹಾಕಲಿಲ್ಲ. ಕುಂಡಗಳನ್ನೆಲ್ಲ ತೆಗೆದು, ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅಡಿಗೊಂದು ಜಿ.ಐ. ತಂತಿ ಎಳೆದೆವು. ಬಳ್ಳಿ ಹತ್ತಲು ಅಷ್ಟು ಸಾಕು. ಫ್ರೇಮು ಗೋಡೆಯಿಂದ ಸ್ವಲ್ಪ ಈಚೆ ಇದ್ದದ್ದು ಒಳ್ಳೇದೇ ಆಯಿತು. ಎಲೆಗೂ ಕಲ್ಲಿಗೂ ನಡುವೆ ಗಾಳಿ ಆಡುತ್ತದೆ.

ನೆಟ್ಟದ್ದು ರೋಹಿಣಿ ಮಳೆಯ ಹೊತ್ತಿಗೆ. ಇದಕ್ಕೆ ನಾನು ಹಟ ಹಿಡಿದೆ. ದಸರಾಕ್ಕೆ ಸರಿಯಾಗಿ ನೆಟ್ಟರೆ ಹಿಂಗಾರಿನ ತಂಪಿನಲ್ಲಿ ಎಲ್ಲವೂ ಚಿಗುರುತ್ತದೆ, ಆದರೆ ಬೇರು ಆಳಕ್ಕೆ ಇಳಿಯುವ ಮುಂಚೆಯೇ ಒಣ ತಿಂಗಳು ಬಂದುಬಿಡುತ್ತದೆ. ಜೂನ್ ಆರಂಭದಲ್ಲಿ ನೆಟ್ಟರೆ ಮುಂಗಾರು, ಹಿಂಗಾರು ಎರಡೂ ಸಿಗುತ್ತದೆ.

ಮುಖ್ಯ ಬಳ್ಳಿ ಮಧುಮಾಲತಿ. ಪಶ್ಚಿಮದ ಬಿಸಿಲಿಗೆ ಅದು ಹೆದರುವುದಿಲ್ಲ. ಹೂವು ಸಂಜೆ ಬಿಳಿಯಾಗಿ ಅರಳಿ, ಆಮೇಲೆ ಗುಲಾಬಿ, ಆಮೇಲೆ ಕೆಂಪಾಗುತ್ತದೆ. ಕೆಲಸ ಮುಗಿಸಿ ಬಸ್ ಕಾಯುವವರಿಗೆ ಅದರ ಘಮ ಸಿಗುತ್ತದೆ. ಅದರ ಜೊತೆಗೆ ಬೇಗ ಹಬ್ಬಲೆಂದು ಶಂಖಪುಷ್ಪದ ಬೀಜ ಹಾಕಿದೆವು. ದನಗಳಿಗೆ ಅದು ಬಲು ಇಷ್ಟದ ಮೇವು, ಹಾಗಾಗಿ ಕೆಳಗಿನ ನಾಲ್ಕು ಅಡಿಗೆ ಜಾಲರಿ ಕಟ್ಟಬೇಕಾಯಿತು. ಕಾಗದದ ಹೂವಿನ ಗಿಡ ಎಲ್ಲಕ್ಕಿಂತ ಗಟ್ಟಿ, ಆದರೆ ಮುಳ್ಳು. ಜನ ಒರಗಿ ನಿಲ್ಲುವ ಕಡೆ ಬೇಡವೆಂದು ದೂರದ ತುದಿಗೆ ಹಾಕಿದೆವು. ಗೋಡೆಗೇ ಅಂಟಿಕೊಂಡು ಹತ್ತುವ ಫೈಕಸ್ ಪ್ಯುಮಿಲಾ ಬೇಕೆಂದು ಕೆಲವರು ಕೇಳಿದರು. ಅದರ ಬೇರು ಕಲ್ಲಿನ ಸಂದಿನ ಗಾರೆಯನ್ನು ಹಿಡಿದರೆ ಮುಂದೆ ಕೀಳುವಾಗ ಗಾರೆಯೂ ಬರುತ್ತದೆ. ನಾನು ಒಪ್ಪಲಿಲ್ಲ.

ಮೈಸೂರಿನ ಹೆಸರನ್ನೇ ಹೊತ್ತ ಬಳ್ಳಿಯೊಂದಿದೆ, ತುನ್‌ಬರ್ಜಿಯಾ ಮೈಸೂರೆನ್ಸಿಸ್. ನಮ್ಮ ಘಟ್ಟದ್ದು. ಹಳದಿ, ಕೆಂಗಂದು ಬಣ್ಣದ ಹೂಗಳು ಉದ್ದನೆಯ ಸರದಲ್ಲಿ ಕೆಳಕ್ಕೆ ಇಳಿಬಿದ್ದಿರುತ್ತವೆ, ಸೂರಕ್ಕಿಗಳು ಬಂದು ಮಕರಂದ ಹೀರುತ್ತವೆ. ದೂರದ ದೇಶಗಳ ಗಾಜಿನ ಮನೆಗಳಲ್ಲಿ ಮುದ್ದಿನಿಂದ ಸಾಕುವ ಈ ಬಳ್ಳಿ ನಮ್ಮೂರಿನ ಬೀದಿಯಲ್ಲಿ ಕಾಣುವುದೇ ಕಡಿಮೆ. ಬೇಜಾರಾಗುತ್ತದೆ. ಅದಕ್ಕೆ ಕಾದ ಗೋಡೆ ಆಗದು, ಹೂವು ತೂಗಲು ಚಪ್ಪರವೂ ಬೇಕು. ಸ್ಟಾಪಿನ ಉತ್ತರದ ತುದಿಯಲ್ಲಿ ಹೊಂಗೆ ಮರದ ನೆರಳಿದೆ. ಅಲ್ಲಿ ತಲೆಗೆ ತಾಗದಷ್ಟು ಎತ್ತರಕ್ಕೆ ಕಬ್ಬಿಣದ ಸಣ್ಣ ಚಪ್ಪರ ಮಾಡಿಸಿ ಒಂದು ಗಿಡ ಹಾಕಿದ್ದೇವೆ.

ರಿಂಗಿನ ಅಂಚಿಗೆ ದೊಡ್ಡಪತ್ರೆ ಹಚ್ಚಿದ್ದು ಹೂವಿನ ಅಕ್ಕ. ಮನೆಯಿಂದ ಕಡ್ಡಿ ತಂದು ತಾವೇ ನೆಟ್ಟರು. ಅದು ಹಬ್ಬಿ ಮಣ್ಣು ಮುಚ್ಚಿದ ಮೇಲೆ ಅಲ್ಲಿ ಉಗುಳುವುದು ಕಡಿಮೆಯಾಯಿತು. ಬರೀ ಮಣ್ಣು ಕಂಡರೆ ಜನ ಕಸ ಹಾಕುತ್ತಾರೆ. ಕೆಮ್ಮಿಗೆ ಬೇಕು ಅಂತ ಎಲೆ ಕಿತ್ತುಕೊಂಡು ಹೋಗುವ ಕುಂಡಕ್ಕೆ ಯಾರೂ ಉಗುಳುತ್ತಿಲ್ಲ.

ಮೊದಲ ಬೇಸಿಗೆ

2025ರ ಮಾರ್ಚಿನಲ್ಲಿ ಮೊದಲು ಬಾಡಿದ್ದು ಕೇಬಲ್ ಇದ್ದ ಎರಡು ಕಡೆಯ ಬಳ್ಳಿಗಳು. ಮಧ್ಯಾಹ್ನ ಎರಡಕ್ಕೇ ಎಲೆ ಜೋಲುತ್ತಿತ್ತು. ಪಕ್ಕದ, ತಳ ತೆರೆದ ರಿಂಗಿನ ಬಳ್ಳಿ ಅದೇ ಬಿಸಿಲಲ್ಲಿ ಗಟ್ಟಿಯಾಗಿ ನಿಂತಿತ್ತು. ಅದೇ ಮಣ್ಣು, ಅದೇ ದಿನ ನೆಟ್ಟ ಗಿಡ. ವ್ಯತ್ಯಾಸ ಕೆಳಗಿನ ನೆಲ ಮಾತ್ರ. ಆ ಎರಡಕ್ಕೆ ದಿನ ಬಿಟ್ಟು ದಿನ ನೀರು, ಉಳಿದವಕ್ಕೆ ವಾರಕ್ಕೊಮ್ಮೆ ಅಂತ ವ್ಯವಸ್ಥೆ ಮಾಡಿದೆವು. ಒಂದೂ ಸಾಯಲಿಲ್ಲ.

ನೀರಿಗೆ ಡ್ರಿಪ್ ಇದೆ, ಆದರೆ ಟೈಮರ್ ಇಲ್ಲ. ಬೇಕೆಂದೇ ಇಟ್ಟಿಲ್ಲ. ಒಂದು ವಾಲ್ವ್, ಅದರ ಬೀಗದ ಕೈ ಎರಡು: ಒಂದು ಪಾರ್ಕಿನ ಮಾಲಿಯ ಬಳಿ, ಇನ್ನೊಂದು ಹೂವಿನ ಅಕ್ಕನ ಬಳಿ. ಅವರಿಗೆ ಸಂಘದಿಂದ ತಿಂಗಳಿಗೆ ಒಂದಿಷ್ಟು ಕೊಡುತ್ತಾರೆ. ಸುಮ್ನೆ ಉಪಕಾರಕ್ಕೆ ಅಂತ ಬಿಡಬಾರದು ಎಂದು ನಾನು ಮೊದಲೇ ಹೇಳಿದ್ದೆ. ಅದು ಕೆಲಸ, ಕೆಲಸಕ್ಕೆ ಕೂಲಿ ಇರಬೇಕು.

ಗೋಡೆ ಇನ್ನೂ ಪೂರ್ತಿ ಮುಚ್ಚಿಲ್ಲ. ಮೇಲಿನ ಎರಡು ಅಡಿ ಅಲ್ಲಲ್ಲಿ ಖಾಲಿ ಇದೆ. ಮಧುಮಾಲತಿ ಒಮ್ಮೆ ಜೋರು ಹಿಡಿದರೆ ತಡೆಯೋದು ಕಷ್ಟ, ಹೂವಿನ ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಸವರಬೇಕು. ಮೊದಲ ದಿನವೇ ತುಂಬಿದಂತೆ ಕಾಣುವ ಗೋಡೆ ಬೇಕು ಅನ್ನುವವರಿಗೆ ಈ ದಾರಿ ಹಿಡಿಸುವುದಿಲ್ಲ. ಎರಡು ವರ್ಷ ಕಾಯಲು ಸಿದ್ಧವಿರುವ ಬೀದಿಗೆ ಇದು ಸರಿ.

ಬಿಲ್ಲಿನಲ್ಲಿ ಏನು ಬರೆಯಬೇಕು

ಹಳೇ ಗೋಡೆಯ ಕಾಗದಪತ್ರ ಸಂಘದವರ ಬಳಿ ಇತ್ತು. ಅದರಲ್ಲಿ ಅಳತೆಯೆಲ್ಲ ಚದರಡಿ ಮತ್ತು ಗಿಡದ ಸಂಖ್ಯೆಯಲ್ಲಿ. ಚದರಡಿಗೆ ಇಷ್ಟು ಗಿಡ, ಇಷ್ಟು ದುಡ್ಡು. ದಸರಾ ಮುಗಿದ ತಿಂಗಳಲ್ಲೇ ಅಳತೆ ಹಿಡಿದು ಬಿಲ್ ಪಾಸಾಗಿತ್ತು. ಆಗ ಎಲ್ಲ ಗಿಡವೂ ಹಸಿರಾಗಿಯೇ ಇತ್ತು. ಗುತ್ತಿಗೆದಾರ ಬರೆದದ್ದನ್ನೇ ಮಾಡಿಕೊಟ್ಟಿದ್ದ. ಗಿಡ ಎಣಿಸಿ ದುಡ್ಡು ಕೊಟ್ಟರೆ ಸಣ್ಣ ಕುಂಡದಲ್ಲಿ ಜಾಸ್ತಿ ಗಿಡ ಬರುತ್ತದೆ. ಮಣ್ಣು ಅಳೆದು ದುಡ್ಡು ಕೊಟ್ಟಿದ್ದರೆ ಕಥೆ ಬೇರೆ ಇರುತ್ತಿತ್ತು.

ಪಕ್ಕದ ಬಡಾವಣೆಯವರು ಈಗ ತಮ್ಮ ಸರ್ಕಲ್ಲಿಗೆ ಹಸಿರು ಗೋಡೆ ಕೇಳುತ್ತಿದ್ದಾರೆ. ಅವರಿಗೆ ಬರೆದುಕೊಟ್ಟ ಕರಡಿನಲ್ಲಿ ಚದರಡಿಯ ಮಾತು ತೆಗೆದಿದ್ದೇನೆ. ಬಳ್ಳಿಯೊಂದಕ್ಕೆ ಕನಿಷ್ಠ 300 ಲೀಟರ್ ಮಣ್ಣು, ತಳ ತೆರೆದಿರಬೇಕು, ನೆಡುವುದು ಜೂನ್ 15ರ ಒಳಗೆ. ಅರ್ಧ ದುಡ್ಡು ಕೆಲಸ ಮುಗಿದಾಗ, ಕಾಲು ಭಾಗ ಮೊದಲ ಮೇ ತಿಂಗಳಲ್ಲಿ, ಉಳಿದ ಕಾಲು ಎರಡನೇ ಮೇ ತಿಂಗಳಲ್ಲಿ, ಬದುಕಿದ ಗಿಡಗಳನ್ನು ಎಣಿಸಿ. ನೀರು ಬಿಡುವವರು ಯಾರು, ಅವರಿಗೆ ಯಾರು ಕೊಡುತ್ತಾರೆ ಅನ್ನುವ ಕಲಂ ಖಾಲಿ ಬಿಟ್ಟಿದ್ದೇನೆ. ಅದನ್ನು ಅವರೇ ತುಂಬಬೇಕು. ತುಂಬಿದ ಮೇಲೆಯೇ ರಿಂಗು ತರಿಸೋಣ ಅಂದಿದ್ದೇನೆ.